ಅಂಚು ಮುರಿದ ಹರಕೆ ಬಟ್ಟಲು

ಜಿಯಾಚಿಂಗ್ ದೊರೆಯ ಐದನೆಯ ವರ್ಷ, ಏಳನೆಯ ತಿಂಗಳು, ಇಪ್ಪತ್ತನೆಯ ದಿನ
ಮೇಕೆಬೆನ್ನು ಕೋಟೆಯಿಂದ

ಮಗಳು ಯಿನ್‌ಹುವಾಗೆ ದೊಡ್ಡಪ್ಪ ತಾನ್ ಶೌರೆನ್ ಬರೆಯುವುದು.

ನೀನು ಹೇಗಿದ್ದೀಯ? ಅಳಿಯ ದೆಪೆಯ್‌ನ ಮೊಣಕಾಲು ನೋವು ಇಳಿಯಿತೇ? ನಿನ್ನ ಅತ್ತೆ ಪಾನ್ ಅಮ್ಮನವರ ಕಣ್ಣಿನ ಪೊರೆ ಹೆಚ್ಚಾಗಿಲ್ಲ ತಾನೆ? ನಿಮ್ಮ ಮನೆಯ ಆ ಮುದಿ ಬಾತುಕೋಳಿ ಇನ್ನೂ ಇದೆಯೋ, ಹಬ್ಬಕ್ಕೆ ಮುಗಿಯಿತೋ? ಇಲ್ಲಿ ನಿನ್ನ ದೊಡ್ಡಮ್ಮನಿಗೆ ಬೆನ್ನುನೋವು ಬಿಟ್ಟರೆ ಬೇರೆ ಕಾಯಿಲೆ ಇಲ್ಲ. ಬಾಯಂತೂ ಗಟ್ಟಿಮುಟ್ಟಾಗಿದೆ.

ನೀನು ಕಳಿಸಿದ ಹತ್ತಿ ಸರಿಯಾಗಿ ಬಂದು ಸೇರಿತು. ಈ ಗುಡ್ಡದ ಗಾಳಿಗೆ ಅದು ಎಷ್ಟು ಉಪಕಾರವೆಂದು ಬರೆದು ತಿಳಿಸಲಾರೆ. ದೊಡ್ಡಮ್ಮ ಅದನ್ನು ಅಂಗಿಯೊಳಗೆ ತುಂಬಿ ಹೊಲಿದಳು. ಹಾಕಿಕೊಂಡು ಹೊರಗೆ ಬಂದರೆ ಪಕ್ಕದ ಮನೆಯವನು, "ಏನ್ ತಾನ್ ಅಜ್ಜ, ಬಸುರಾ?" ಎಂದ. ಆಗಲಿ, ಬೆಚ್ಚಗಿದ್ದೇನೆ.

ಕಲ್ಲುಸೇತುವೆ ಪೇಟೆಯಲ್ಲಿ ಈಗ ಯಾರೂ ಇಲ್ಲ. ಸರ್ಕಾರದ ಅಪ್ಪಣೆಯಂತೆ ಎಲ್ಲರೂ ಗುಡ್ಡ ಹತ್ತಿ ಕೋಟೆ ಕಟ್ಟಿಕೊಂಡಿದ್ದೇವೆ. ಧಾನ್ಯ ಮೇಲೆ ಬಂದರೆ ಕೆಳಗೆ ಬಿಳಿ ರುಮಾಲಿನ ದಂಗೆಕೋರರಿಗೆ ಹೊಟ್ಟೆಗೆ ಸಿಗುವುದಿಲ್ಲ ಎಂದು ಲೆಕ್ಕ. ಸೋಯಾ ಕಾಳು ಬೀಸುವ ನನ್ನ ಕಲ್ಲನ್ನೂ ಹೊರಿಸಿಕೊಂಡು ಬಂದೆ. ಕೋಟೆಯಲ್ಲೂ ಜನಕ್ಕೆ ತೋಫು ಬೇಕಲ್ಲ. ಬಾಗಿಲಲ್ಲಿ ಒಂದು ಪದ್ಧತಿ ಇಟ್ಟಿದ್ದಾರೆ. ಒಳಗೆ ಬರುವವರೆಲ್ಲ ಒಂದು ತುಂಡು ಹಂದಿಮಾಂಸ ತಿಂದು ತೋರಿಸಬೇಕು. ಬಿಳಿ ತಾವರೆಯ ಪಂಥದವರು ಮಾಂಸ ಮುಟ್ಟುವುದಿಲ್ಲ ನೋಡು, ಅದಕ್ಕೆ. ನನ್ನ ಪಾಲಿಗೆ ಬರೀ ಚರ್ಮ ಬಂತು. ಇರುವ ಹಲ್ಲುಗಳಿಗೆ ಒಳ್ಳೆಯ ಕೆಲಸವಾಯಿತು.

ನಿನ್ನ ಅವ್ವ ಕ್ಷೇಮ. ಸದ್ಯಕ್ಕೆ ನಮ್ಮೊಟ್ಟಿಗೆ ಇಲ್ಲ, ಕೆಳಗಿನ ಹೊಳೆಯ ಹತ್ತಿರ ಇದ್ದಾಳೆ. ಅಲ್ಲಿ ಗಾಳಿ ಒಳ್ಳೆಯದು. ಈಗ ಅವಳೂ ಎಲ್ಲರಂತೆ ಮಾಂಸ ಉಣ್ಣುತ್ತಾಳೆ. ಚಿಂತೆ ಮಾಡಬೇಡ.

ಪತ್ರ ತಲುಪಿದ ಕೂಡಲೇ ಎರಡು ಸಾಲು ಬರೆ.

*

ಎಂಟನೆಯ ತಿಂಗಳು, ಹನ್ನೆರಡನೆಯ ದಿನ
ಶಾಶಿ ಬಂದರಿನಿಂದ

ದೊಡ್ಡಪ್ಪನವರಿಗೆ ಯಿನ್‌ಹುವಾಳ ನಮಸ್ಕಾರ.

ನೀವು, ದೊಡ್ಡಮ್ಮ ಕ್ಷೇಮವೆಂದು ಓದಿ ಸಂತೋಷವಾಯಿತು. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಬಾತುಕೋಳಿಯೂ ಇದೆ.

ದೊಡ್ಡಪ್ಪ, ನಿಮಗೆ ಎದುರು ಮಾತಾಡಿದವಳಲ್ಲ ನಾನು. ಬೇಳೆ ನೆನೆಸಿದ ನೀರಲ್ಲಿ ಬೆರಳದ್ದಿ ಬೀಸುವ ಕಲ್ಲಿನ ಮೇಲೆ ಅಕ್ಷರ ಕಲಿಸಿದವರು ನೀವು. ಅಂಗಡಿಯ ಹೆಸರಿನ ಹಲಗೆ, ಔಷಧಿಯ ಪೊಟ್ಟಣ ನೋಡಿ ನೀವು ಕಲಿತದ್ದನ್ನೆಲ್ಲ, ಹೆಣ್ಣುಮಗು ಎಂದು ನೋಡದೆ, ನನಗೆ ಕೊಟ್ಟಿರಿ. ಅದೇ ಅಕ್ಷರದಲ್ಲಿ ಇದನ್ನು ಕೇಳಬೇಕಾಗಿದೆ. ಅವ್ವ ಮಾಂಸ ತಿನ್ನುವಂತೆ ಹೇಗೆ ಬಿಟ್ಟಿರಿ?

ನನಗೆ ಐದು ವರ್ಷದಲ್ಲಿ ಸಿಡುಬು ಬಂದಾಗ ಅವ್ವ ಗುವಾನ್‌ಯಿನ್ ತಾಯಿಗೆ ಹರಕೆ ಹೊತ್ತದ್ದು ನಿಮ್ಮ ಮನೆಯ ಅಂಗಳದಲ್ಲೇ. ಮಗಳ ಜೀವ ಉಳಿದರೆ ಸಾಯುವ ತನಕ ಮಾಂಸ ಮುಟ್ಟುವುದಿಲ್ಲ ಎಂದಳು. ಅಂದಿನಿಂದ ಒಂದೇ ಬಟ್ಟಲಲ್ಲಿ ಉಂಡಳು. ಜ್ವರದಲ್ಲಿ ನಾನು ಕೈ ಬೀಸಿ ಕೆಡವಿ ಅಂಚು ಹಾರಿಸಿದ ನೀಲಿ ಬಟ್ಟಲು. ಹೊಸದು ತಂದುಕೊಟ್ಟರೂ ಬೇಡವೆಂದಳು. ಅಂಥವಳು ಈಗ ಎಲ್ಲರಂತೆ ಉಣ್ಣುತ್ತಾಳೆ ಎಂದು ಬರೆದಿದ್ದೀರಿ, ಮಳೆ ಬಂತು ಎಂದು ಬರೆದ ಹಾಗೆ.

ಅವಳಿಗೆ ಬೇಸರವಾಯಿತೇ ನನ್ನ ಮೇಲೆ? ಇಷ್ಟು ದೂರ ಕೊಟ್ಟದ್ದಕ್ಕೋ, ಮೂರು ವರ್ಷದಿಂದ ನಾನು ಬಾರದ್ದಕ್ಕೋ? ಹರಕೆ ಮುರಿದರೆ ಯಾರಿಗೆ ತಟ್ಟುತ್ತದೆಂದು ಅವಳಿಗೆ ಗೊತ್ತು. ಈಗಂತೂ ಇದು ಬೇಡವಾಗಿತ್ತು.

ನನ್ನ ಗಂಡ ಹೇಳುತ್ತಾರೆ, "ನಿಮ್ಮ ದೊಡ್ಡಪ್ಪ ಹಾಗೆಲ್ಲ ಬಿಡೋ ಮನುಷ್ಯ ಅಲ್ಲ. ಏನೋ ಇದೆ, ಮತ್ತೆ ಕೇಳು." ಅದಕ್ಕೇ ಕೇಳುತ್ತಿದ್ದೇನೆ. ಎಲ್ಲರೂ ಕೋಟೆಯಲ್ಲಿರುವಾಗ ಅವ್ವ ಮಾತ್ರ ಹೊಳೆಯ ಹತ್ತಿರ ಯಾಕಿದ್ದಾಳೆ?

*

ಒಂಬತ್ತನೆಯ ತಿಂಗಳು, ನಾಲ್ಕನೆಯ ದಿನ
ಮೇಕೆಬೆನ್ನು ಕೋಟೆಯಿಂದ

ಯಿನ್‌ಹುವಾ,

ಈ ಪತ್ರ ಉಪ್ಪಿನ ದೋಣಿಯ ಮೌ ಕೈಯಲ್ಲಿ ಬರುತ್ತದೆ, ಹುಳಿಸಿದ ತೋಫುವಿನ ಜಾಡಿಯ ತಳದಲ್ಲಿ, ಎಣ್ಣೆ ಕಾಗದ ಸುತ್ತಿಕೊಂಡು. ಮೂಗು ಮುಚ್ಚಿಕೊಂಡು ಓದು. ಆ ವಾಸನೆಗೆ ಯಾವ ಕಾವಲುಗಾರನೂ ಕೈ ಹಾಕುವುದಿಲ್ಲ. ಹಿಂದಿನ ಪತ್ರ ಹಾಗಲ್ಲ. ಹೋಗುವ ಬರುವ ಪತ್ರಗಳನ್ನೆಲ್ಲ ಸುಂಕದ ಕಟ್ಟೆಯಲ್ಲಿ ಒಡೆದು ಓದುತ್ತಾರೆ. ಓದುವವನಿಗಾಗಿ ಬರೆದದ್ದನ್ನು ನೀನು ನಂಬಿದೆ. ನಿನ್ನ ತಪ್ಪೇನಿಲ್ಲ ಮಗಳೇ. ನೀನು ಸಿಟ್ಟು ಮಾಡಿದ್ದು ಓದಿ ದೊಡ್ಡಮ್ಮ, "ನಮ್ಮ ಹುಡುಗಿ ಸರಿಯಾಗೇ ಬೆಳೆದಿದ್ದಾಳೆ" ಎಂದು ಕಣ್ಣೊರೆಸಿಕೊಂಡಳು.

ನಿನ್ನ ಅವ್ವ ಮಾಂಸ ತಿಂದಿಲ್ಲ. ತಿನ್ನದ್ದಕ್ಕೇ ಹೊರಗಿದ್ದಾಳೆ.

ಅಂದು ನಾನೂ ದೊಡ್ಡಮ್ಮನೂ ತಿಂದು ಬಾಗಿಲು ದಾಟಿದೆವು. ಹಿಂದೆ ನಿನ್ನ ಅವ್ವ. ಕೋಟೆಯ ಯಜಮಾನ ಹೂ, ನಮ್ಮ ಅಂಗಡಿಗೆ ಬರುತ್ತಿದ್ದ ಅದೇ ಹೂ, ಕಡ್ಡಿಯಲ್ಲಿ ತುಂಡು ಹಿಡಿದು ನಿಂತಿದ್ದ.

"ಒಂದೇ ತುಂಡು ಅಕ್ಕಾ. ಅಗೀಬೇಕು ಅಂತಿಲ್ಲ, ನುಂಗಿದ್ರೆ ಸಾಕು."

"ನನಗೆ ಹರಕೆ ಇದೆ ಹೂ ಅಣ್ಣ."

"ಬಿಳಿ ರುಮಾಲಿನವ್ರೂ ಅದನ್ನೇ ಹೇಳ್ತಾರೆ."

"ಅವರದು ಅವರಿಗೆ. ನಂದು ಮಗಳಿಗೆ."

"ನಿನ್ನ ಮಗಳು ಶಾಶಿಯಲ್ಲಿ ಕೂತು ಮೀನು ತಿಂತಿರ್ತಾಳೆ, ನೀನಿಲ್ಲಿ ಹಟ ಮಾಡ್ತೀಯ."

"ತಿನ್ಲಿ. ಅವಳು ತಿನ್ಲಿ ಅಂತಲೇ ನಾನು ಬಿಟ್ಟಿದ್ದು."

ದೊಡ್ಡಮ್ಮ ಒಳಗಿನಿಂದ, "ಅದನ್ನ ನಂಗೆ ಕೊಡೋ, ಅವಳ ಪಾಲೂ ನಾನೇ ತಿಂತೀನಿ" ಎಂದು ಕೂಗಿದಳು. ಸುತ್ತ ನಿಂತವರು ನಕ್ಕರು. ಹೂ ನಗಲಿಲ್ಲ. ಅವನು ಕೆಟ್ಟವನಲ್ಲ. "ಇವಳೊಬ್ಬಳನ್ನ ಹಾಗೇ ಬಿಟ್ರೆ ನಾಳೆ ಮೇಲಿನವ್ರು ನನ್ನ ತಲೆ ಕೇಳ್ತಾರೆ ಅಜ್ಜ, ನೀನೇ ಹೇಳು" ಎಂದ. ನಿನ್ನ ಅವ್ವ ನನಗೆ ತಲೆಬಾಗಿ, ಗಂಟು ಎತ್ತಿಕೊಂಡು, ಬಂದ ದಾರಿಯಲ್ಲೇ ಇಳಿದು ಹೋದಳು.

ಅವಳಿಗೆ ಆಸರೆ ಕೊಟ್ಟವಳು ಯಾರು ಗೊತ್ತೇ? ನಮ್ಮ ಹಿಂದಿನ ಬೀದಿಯ ಶ್ಯಾಂಗ್ ಅಕ್ಕ. ಪಂಥದವಳೆಂದು ಪೇಟೆಗೆಲ್ಲ ಗೊತ್ತಿತ್ತು. ಅವರ ದೇವಿ 'ಹುಟ್ಟಿಲ್ಲದ ತಾಯಿ'ಯ ಹೆಸರು ಹೇಳಿಕೊಂಡು ತನ್ನ ಪಾಡಿಗೆ ತಾನಿದ್ದಳು. ಕಚೇರಿಯ ಆಳುಗಳು ಬಂದು, ಕೈ ಬಿಸಿ ಮಾಡಿದವರನ್ನು ಬಿಟ್ಟು, ಮಾಡದವರನ್ನೆಲ್ಲ ದಂಗೆಕೋರರೆಂದು ಎಳೆದುಕೊಂಡು ಹೋದರಲ್ಲ, ಅದರಲ್ಲಿ ಅವಳ ಗಂಡನೂ ಹೋದ. ತಿರುಗಿ ಬರಲಿಲ್ಲ. ಆಮೇಲೆ ಮಕ್ಕಳಿಬ್ಬರೂ ಬಿಳಿ ರುಮಾಲು ಕಟ್ಟಿದರು. ಅವಳು ಹೊಳೆಯಾಚೆ ಬಿದಿರು ಕಣಿವೆಯ ಗುಡಿಸಲಲ್ಲಿದ್ದಾಳೆ. ನಿನ್ನ ಅವ್ವ ಹೋಗಿ ನಿಂತಾಗ ಏನೂ ಕೇಳಲಿಲ್ಲವಂತೆ. "ಮಡಕೆ ಒಂದೇ ಇದೆ, ಆದ್ರೆ ಮಾಂಸ ಕಂಡ ಮಡಕೆ ಅಲ್ಲ, ಬಾ" ಎಂದಳಂತೆ. ಪಂಥಕ್ಕೆ ಸೇರು ಎಂದು ಈವರೆಗೆ ಒಂದು ಮಾತೂ ಆಡಿಲ್ಲ. ಇದ್ದ ಹುರುಳಿಯಲ್ಲಿ ಅರ್ಧ ಕೊಟ್ಟಿದ್ದಾಳೆ.

ತೋಫುವಿಗೆ ನೀರು ತರುವ ನೆಪದಲ್ಲಿ ನಾನು ಬೆಳಿಗ್ಗೆ ಹೊಳೆಗೆ ಇಳಿಯುತ್ತೇನೆ. ಒಂದು ತುಂಡು ತೋಫು ಬಂಡೆಯ ಮೇಲಿಟ್ಟು ಬರುತ್ತೇನೆ. ಮರುದಿನ ಅದೇ ಎಲೆಯಲ್ಲಿ ಸುತ್ತಿದ ಅಣಬೆಯೋ ಸೊಪ್ಪೋ ಇರುತ್ತದೆ. ಎರಡು ಕಡೆಯವರು ಯುದ್ಧ ಮಾಡುತ್ತಿರುವಾಗ ನಮ್ಮ ವ್ಯಾಪಾರ ಹೀಗೆ ನಡೆದಿದೆ.

ಆದರೆ ಇದು ಹೆಚ್ಚು ದಿನ ನಡೆಯದು. ಎಲೆ ಉದುರಿ ಕಣಿವೆ ಬಯಲಾದ ಮೇಲೆ ಸೇನೆ ಇಳಿಯುತ್ತದಂತೆ. ಕೋಟೆಯ ಹೊರಗೆ ಸಿಕ್ಕವರೆಲ್ಲ ದಂಗೆಕೋರರೇ ಎಂದು ಅಪ್ಪಣೆಯಾಗಿದೆ. ಹೆಂಗಸು, ಮುದುಕಿ ಎಂದು ನೋಡುವುದಿಲ್ಲ.

ಹೊಳೆ ದಾಟಿ ಹೋಗಿ ನಿನ್ನ ಅವ್ವನಿಗೆ, ಹರಕೆಯನ್ನು ನನಗೆ ಕೊಟ್ಟುಬಿಡು, ನಾನು ಹೊರುತ್ತೇನೆ ಎಂದೆ. ನಮ್ಮ ಗುಡ್ಡದ ಕಡೆಯ ಪದ್ಧತಿ ನಿನಗೆ ನೆನಪಿರಬೇಕು. ಹರಕೆ ಬಟ್ಟಲನ್ನು ಎರಡು ಕೈಯಲ್ಲಿ ಕೊಟ್ಟರೆ, ತೆಗೆದುಕೊಂಡವರು ಅದರಲ್ಲೇ ಉಂಡು ನಡೆಸಬೇಕು, ಕೊಟ್ಟವರು ಬಿಡುಗಡೆ. ಅವಳು ಒಪ್ಪಲಿಲ್ಲ. "ಭಾವ, ನೀವು ಕೋಟೆಯಲ್ಲಿ ನಾಳೆ ಮತ್ತೆ ತಿನ್ನಬೇಕಾಗ್ತದೆ. ಆಗ ಮುರಿಯೋದು ಮಗಳ ಜೀವ. ಯಾರ ಜೀವಕ್ಕೆ ಹೊತ್ತಿದ್ದೋ ಅವಳೇ ಹೊರಬೇಕು. ಅವಳಿಗೆ ಮಾತ್ರ ಹೇಳ್ಬೇಡಿ. ಪರಊರಲ್ಲಿ, ಅತ್ತೆಮನೇಲಿ, ಬಾಯಿ ಕಟ್ಟಿಕೊಂಡು ಹೇಗಿರ್ತಾಳೆ" ಎಂದಳು.

ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಈಗ ಹೇಳಿಬಿಟ್ಟೆ. ನಿನ್ನನ್ನು ಏನನ್ನೂ ಕೇಳುತ್ತಿಲ್ಲ. ನಿನ್ನ ಮನೆ, ನಿನ್ನ ಅತ್ತೆ, ನಿನ್ನ ದೇಹಸ್ಥಿತಿ ನಿನಗೇ ಗೊತ್ತು. ಮೌ ಶಾಶಿಯಲ್ಲಿ ಉಪ್ಪು ತುಂಬಿಸಿಕೊಳ್ಳುವ ತನಕ ನಿಂತಿರುತ್ತಾನೆ.

*

ಒಂಬತ್ತನೆಯ ತಿಂಗಳು, ಹದಿನೆಂಟನೆಯ ದಿನ
ಶಾಶಿ

ದೊಡ್ಡಪ್ಪ,

ಅವ್ವನ ಬಟ್ಟಲು ನನಗೆ ಕಳಿಸಿ.

ನಾನು ನಿನ್ನೆ ದಂಡೆಯ ಮೇಲಿನ ಗುಡಿಯಲ್ಲಿ ಗುವಾನ್‌ಯಿನ್ ತಾಯಿಯ ಮುಂದೆ ಊದುಕಡ್ಡಿ ಹಚ್ಚಿ ಹರಕೆ ಹೊತ್ತುಕೊಂಡೆ. ಬಟ್ಟಲು ಬರುವ ತನಕ ಬಾಳೆಲೆಯಲ್ಲಿ ಉಣ್ಣುತ್ತೇನೆ. ಈ ಜಾಡಿಯಲ್ಲಿ ನನ್ನ ಬಟ್ಟಲಿದೆ, ಮದುವೆಯಲ್ಲಿ ಬಂದದ್ದು, ಕೆಂಪು ಮೀನಿನ ಚಿತ್ರದ್ದು. ಇದರಲ್ಲಿ ಐದು ವರ್ಷ ಮೀನು ಮಾಂಸ ಉಂಡಿದ್ದೇನೆ. ಅವ್ವ ಇನ್ನು ಇದರಲ್ಲಿ ಉಣ್ಣಲಿ. ನಂಬದಿದ್ದರೆ ಮೂಸಿ ನೋಡಲಿ, ಎಷ್ಟು ತೊಳೆದರೂ ಹೋಗದ ವಾಸನೆ ಅದು.

ಅತ್ತೆಗೆ ಹೆದರಿಕೊಂಡೇ ಹೇಳಿದೆ. ಅವರು, "ಮೀನಿನ ಬಂದರಲ್ಲಿ ಸೊಪ್ಪು ತಿನ್ನೋ ಸೊಸೆ. ನನ್ನ ಹಣೇಲಿ ಇದೂ ಬರೆದಿತ್ತು" ಎಂದರು. ಬೆಳಿಗ್ಗೆ ಎದ್ದು ನೋಡುತ್ತೇನೆ, ಹೊಸ ಮಣ್ಣಿನ ಮಡಕೆ ತಂದು ಒಲೆಯ ಮೇಲಿಟ್ಟಿದ್ದಾರೆ. "ಇದಕ್ಕೆ ನನ್ನ ಸೌಟು ತಾಗಿಸಬೇಡ, ಮೀನಿನದು" ಎಂದು ನನಗೇ ಬೈದರು.

ಮೌ ಕಾಯುತ್ತಿದ್ದಾನೆ. ಉಳಿದದ್ದು ಮುಂದೆ ಬರೆಯುತ್ತೇನೆ. ಒಂದು ವಿಷಯ ಇದೆ, ಈಗ ಬೇಡ. ಬೇಗ ಹೋಗಿ ದೊಡ್ಡಪ್ಪ, ಎಲೆ ಉದುರುವ ಮುಂಚೆ.

*

ಹತ್ತನೆಯ ತಿಂಗಳು, ಎಂಟನೆಯ ದಿನ
ಮೇಕೆಬೆನ್ನು ಕೋಟೆ

ಮಗಳೇ,

ನಿನ್ನ ಅವ್ವ ನನ್ನ ಎದುರಿಗೇ ಕೂತಿದ್ದಾಳೆ. ನಾನು ಅಕ್ಷರ ಗೀಚುವುದನ್ನು ನೋಡುತ್ತ, "ಇಷ್ಟೊಂದು ಏನು ಬರೀತಿದ್ದೀರಿ, ನಾನು ಬದುಕಿದ್ದೀನಿ ಅಂದ್ರೆ ಸಾಲ್ದಾ" ಎನ್ನುತ್ತಿದ್ದಾಳೆ. ಸಾಲದು.

ಜಾಡಿ ಬಂದ ಮರುಬೆಳಿಗ್ಗೆ ನಿನ್ನ ಬಟ್ಟಲನ್ನು ನೀರಿನ ಬುಟ್ಟಿಯಲ್ಲಿಟ್ಟುಕೊಂಡು ಹೊಳೆ ದಾಟಿದೆ. ಹೇಳಿಬಿಟ್ಟಿರಲ್ಲ ಎಂದು ನಿನ್ನ ಅವ್ವ ನನ್ನ ಮೇಲೆ ಸಿಟ್ಟಾದಳು. ಆಮೇಲೆ ಬಟ್ಟಲನ್ನು ನಿಜವಾಗಿಯೂ ಮೂಗಿನ ಹತ್ತಿರ ಹಿಡಿದಳು. ಹಿಡಿದು ಹಾಗೇ ಕೂತಳು. ನಾನು ಹೊರಗೆ ಹೋಗಿ ಬಿದಿರು ನೋಡುತ್ತ ನಿಂತೆ. ಮತ್ತೆ ಒಳಗೆ ಬಂದಾಗ ಅವಳು ತನ್ನ ನೀಲಿ ಬಟ್ಟಲನ್ನು ತೊಳೆದು ಎರಡು ಕೈಯಲ್ಲಿ ಹಿಡಿದು ನಿಂತಿದ್ದಳು. ನಿನ್ನ ಬದಲಿಗೆ ನಾನೇ ಎರಡು ಕೈಯೊಡ್ಡಿ ತೆಗೆದುಕೊಂಡೆ.

ಶ್ಯಾಂಗ್ ಅಕ್ಕನನ್ನೂ ಕರೆದೆವು. ಹೂ ಜೊತೆ ನಾನು ಮಾತಾಡುತ್ತೇನೆ, ನೀನೂ ಬಾ, ಒಂದು ತುಂಡಲ್ಲವೇ ಎಂದೆ. ಅವಳು ನಕ್ಕಳು. "ತಾನ್ ಅಣ್ಣ, ಇವಳ ಹರಕೆ ಮಗಳಿಗೆ ಹೋಗ್ತದೆ. ನಂದು ಯಾರಿಗೆ ಕೊಡ್ಲಿ? ಮಕ್ಕಳು ಬಂದ್ರೆ ಗುಡಿಸಲು ಖಾಲಿ ಇರಬಾರದು." ಹಿಪ್ಪುನೇರಳೆ ಮರದ ತನಕ ನಮ್ಮೊಂದಿಗೆ ಬಂದಳು. ಅಲ್ಲಿಂದ ಮುಂದೆ ಕೋಟೆಯ ಕಾವಲಿನವರಿಗೆ ಕಾಣುತ್ತದೆ. ನಿನ್ನ ಅವ್ವನ ಕೊರಳಪಟ್ಟಿ ಸರಿಮಾಡಿ, ಕಿವಿಯಲ್ಲಿ ಏನೋ ಹೇಳಿ, ತಿರುಗಿ ನಡೆದಳು. ಹಿಂತಿರುಗಿ ನೋಡಲಿಲ್ಲ.

ಬಾಗಿಲಲ್ಲಿ ಹೂ ಅದೇ ಕಡ್ಡಿ ಹಿಡಿದ. ನಿನ್ನ ಅವ್ವ, "ಕಡ್ಡಿ ಬೇಡ, ಇದರಲ್ಲಿ ಹಾಕು" ಎಂದು ನಿನ್ನ ಬಟ್ಟಲು ಚಾಚಿದಳು. ಜನ ಸೇರಿದ್ದರು. ಇಪ್ಪತ್ತು ವರ್ಷದ ಮೇಲೆ ಅವಳು ಒಂದು ತುಂಡು ಬಾಯಿಗಿಟ್ಟಳು. ನುಂಗಿದರೆ ಸಾಕಿತ್ತು, ನಿಧಾನವಾಗಿ ಅಗಿದಳು. ಅಗಿದು ನುಂಗಿ ಹೂ ಮುಖ ನೋಡಿ ಹೇಳಿದಳು:

"ಉಪ್ಪು ಜಾಸ್ತಿ. ಯಾರು ಬೇಯಿಸಿದ್ದು?"

"ನಮ್ಮನೆಯವಳು" ಎಂದ ಹೂ.

"ಪಾಪ, ನೀನು ದಿನಾ ತಿಂತೀಯಾ."

ಇಡೀ ಬಾಗಿಲು ನಕ್ಕಿತು. ಹೂ ಕೂಡ. ನಗುತ್ತಲೇ ಅವಳ ಗಂಟನ್ನು ತಾನೇ ಎತ್ತಿ ಒಳಗಿಟ್ಟ. ದೊಡ್ಡಮ್ಮ ಅವಳನ್ನು ತಬ್ಬಿಕೊಂಡು, ಅತ್ತುಕೊಂಡೇ, "ಬೆನ್ನು ನೋಯ್ತದೆ ಬಿಡೇ" ಎಂದಳು. ತಬ್ಬಿಕೊಂಡದ್ದು ಇವಳೇ.

ಆ ವಾರವೇ ಸೇನೆ ಕಣಿವೆಗೆ ಇಳಿಯಿತು. ಗೋಡೆಯ ಮೇಲಿನಿಂದ ನೋಡಿದೆವು. ಬಿದಿರು ಸುಡುವಾಗ ಸಿಡಿಯುತ್ತದಲ್ಲ, ಹೊಸ ವರ್ಷದ ಪಟಾಕಿಯ ಹಾಗೆ ಕೇಳಿಸುತ್ತಿತ್ತು. ನಿನ್ನ ಅವ್ವ ಬೆನ್ನು ಮಾಡಿ ಕೂತಿದ್ದಳು. ಈಗ ಬೆಳಿಗ್ಗೆ ನಾನು ಬಂಡೆಯ ಮೇಲೆ ಇಡುವ ತೋಫು ಇಟ್ಟಲ್ಲೇ ಇರುತ್ತದೆ. ಹಕ್ಕಿ ತಿನ್ನುತ್ತದೆ.

ಬಟ್ಟಲು ಕಳಿಸಿದ್ದೇನೆ. ಅದರಲ್ಲಿ ಉಣ್ಣುವ ಮೊದಲು ಒಂದು ಚಿಟಿಕೆ ಅನ್ನ ತೆಗೆದು ಪಕ್ಕಕ್ಕಿಡು. ಯಾರಿಗೆಂದು ಯಾರಾದರೂ ಕೇಳಿದರೆ ಹಕ್ಕಿಗೆ ಎನ್ನು.

ನಿನ್ನ ಅತ್ತೆಯವರಿಗೆ ಈ ಮುದುಕನ ನಮಸ್ಕಾರ ಹೇಳು. ಕಾಣದ ಬೀಗಿತ್ತಿಗಾಗಿ ಹೊಸ ಮಡಕೆ ತಂದಿಟ್ಟವರಿಗೆ ಕೊಡಲು ನನ್ನಲ್ಲಿ ತೋಫು ಬಿಟ್ಟು ಏನಿದೆ? ಎರಡು ಜಾಡಿ ಇಟ್ಟಿದ್ದೇನೆ, ಒಂದು ಖಾರದ್ದು. ಆ 'ಒಂದು ವಿಷಯ' ಏನು?

*

ಆರನೆಯ ವರ್ಷ, ಎರಡನೆಯ ತಿಂಗಳು, ಇಪ್ಪತ್ತೈದನೆಯ ದಿನ
ಶಾಶಿ

ದೊಡ್ಡಪ್ಪ, ದೊಡ್ಡಮ್ಮ, ಅವ್ವನಿಗೆ ನಮಸ್ಕಾರ.

ವಿಷಯ ಈಗ ತೊಟ್ಟಿಲಲ್ಲಿ ಮಲಗಿದೆ. ಹೆಣ್ಣು. ಕೈಕಾಲು ತುಂಬಿಕೊಂಡಿದೆ, ಅಳು ಬಂದರಿನ ತನಕ ಕೇಳುತ್ತದೆ.

ಹಿಂದೆ ಎರಡು ಸಲ ಬಸುರು ನಿಲ್ಲಲಿಲ್ಲ. ಅದನ್ನೂ ನಿಮಗೆ ಬರೆದಿರಲಿಲ್ಲ. ಈ ಸಲ ಬಾಯಿ ಬಿಟ್ಟರೆ ದೃಷ್ಟಿಯಾಗುತ್ತದೆಂದು ಹೆದರಿ ಸುಮ್ಮನಿದ್ದೆ. ಅವ್ವ ಮಾಂಸ ತಿನ್ನುತ್ತಾಳೆ ಎಂದು ಓದಿದ ದಿನ ಹೊಟ್ಟೆ ಹಿಡಿದುಕೊಂಡು ಕೂತಿದ್ದೆ ದೊಡ್ಡಪ್ಪ. ಅದಕ್ಕೇ ಆ ಮಾತು ಅಷ್ಟು ಒರಟಾಗಿ ಬಂತು. ಮನಸ್ಸಿನಲ್ಲಿಟ್ಟುಕೊಳ್ಳಬೇಡಿ.

ಬಸುರಿಗೆ ಮಾಂಸವಿಲ್ಲದೆ ಆಗುವುದಿಲ್ಲವೆಂದು ಬೀದಿಯವರೆಲ್ಲ ಅತ್ತೆಯ ಕಿವಿ ಕಚ್ಚಿದರು. ಅತ್ತೆ, "ಗುವಾನ್‌ಯಿನ್‌ಗೆ ಕೊಟ್ಟ ಮಾತು ನೀವು ಬಂದು ವಾಪಸ್ ತಗೋತೀರಾ? ಹಾಗಾದ್ರೆ ಗುಡಿಗೆ ಹೋಗಿ ನೀವೇ ಹೇಳಿ" ಎಂದು ಬಾಯಿ ಮುಚ್ಚಿಸಿದರು. ಎಳ್ಳು, ಕಡಲೆ, ನಿಮ್ಮ ತೋಫು, ಹೊತ್ತುಹೊತ್ತಿಗೆ ನೀಲಿ ಬಟ್ಟಲಿಗೆ ಹಾಕಿ ಎದುರು ಕೂತು ಉಣ್ಣಿಸಿದರು. ಅಂಚು ಮುರಿದ ಕಡೆ ತುಟಿಗೆ ತಾಗದಂತೆ ತಿರುಗಿಸಿ ಕೊಡುತ್ತಾರೆ, ಕಣ್ಣು ಸರಿಯಾಗಿ ಕಾಣದಿದ್ದರೂ.

ಹಕ್ಕಿಯ ಪಾಲು ದಿನವೂ ತೆಗೆದಿಡುತ್ತೇನೆ. ಆ ಹಕ್ಕಿಯ ಸುದ್ದಿ ಏನಾದರೂ ತಿಳಿಯಿತೇ?

ಮಗುವಿಗೆ ಅವ್ವನೇ ಹೆಸರಿಡಬೇಕೆಂದು ನಮ್ಮೆಲ್ಲರ ಆಸೆ.

*

ಮೂರನೆಯ ತಿಂಗಳು, ಹದಿನಾರನೆಯ ದಿನ
ಮೇಕೆಬೆನ್ನು ಕೋಟೆ

ಮಗಳೇ,

ಬಾಣಂತಿ ಹೇಗಿದ್ದೀಯ? ಕೂಸು ಹಾಲು ಕುಡಿಯುತ್ತದೆಯೇ? ದೆಪೆಯ್ ಮೊಣಕಾಲು ಮರೆತು ಕುಣಿದನಂತೆ, ಮೌ ಹೇಳಿದ. ಬೀಗಿತ್ತಿಯವರಿಗೆ ಖಾರದ ಜಾಡಿ ಹಿಡಿಸಿತೇ?

ನಿನ್ನ ಪತ್ರ ಓದಿ ಹೇಳಿದಾಗ ನಿನ್ನ ಅವ್ವ ಮೊದಲು ನನಗೆ ಬೈದಳು, ಆಮೇಲೆ ನಿನಗೆ. "ಬಸುರಿ ಅಂತ ಗೊತ್ತಿದ್ರೆ ಪ್ರಾಣ ಹೋದ್ರೂ ಬಟ್ಟಲು ಕೊಡ್ತಿರಲಿಲ್ಲ" ಎಂದಳು. ಅದಕ್ಕೇ ನೀನು ಹೇಳಲಿಲ್ಲವೆಂದು ನನಗೆ ಅರ್ಥವಾಯಿತು. ಅವಳಿಗೂ ಆಯಿತು. ಬೈಯುವುದು ನಿಲ್ಲಿಸಿ ನಿನ್ನ ಕೆಂಪು ಮೀನಿನ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಒರೆಸುತ್ತ ಕೂತಳು. ನಿಮ್ಮಿಬ್ಬರ ನಡುವೆ ಸಿಕ್ಕಿ ನಾನೊಬ್ಬ ಸುಳ್ಳುಗಾರನಾದೆ. ಅದೂ ಒಂದು ಪುಣ್ಯವೇ.

ಈಗ ಹಕ್ಕಿಯ ಸುದ್ದಿ. ಜಾಡಿಯ ತಳದಲ್ಲಿ ಹೋಗುವ ಪತ್ರವಾದ್ದರಿಂದ ಬರೆಯುತ್ತೇನೆ.

ಸೇನೆ ಪಶ್ಚಿಮಕ್ಕೆ ಹೋದ ಮೇಲೆ ನಾನು ಬಿದಿರು ಕಣಿವೆಗೆ ಹೋಗಿದ್ದೆ. ಗುಡಿಸಲು ಇಲ್ಲ, ಬೂದಿ. ಒಲೆಯ ಮೂರು ಕಲ್ಲು ಇದ್ದವು. ಕಲ್ಲುಗಳ ಮೇಲೆ ಅವಳ ಮಡಕೆ ಕವಿಚಿಟ್ಟಿತ್ತು. ಹೊರಗೆ ಮಸಿ ಹಿಡಿದಿತ್ತು. ಎತ್ತಿ ನೋಡಿದರೆ ಒಳಗೆ ಚೊಕ್ಕಟವಾಗಿ ತೊಳೆದದ್ದು. ಮಾಂಸ ಬಿಟ್ಟ ವ್ರತದವರು ದೂರ ಹೊರಟಾಗ ಮಡಕೆ ತೊಳೆದು ಕವಿಚಿಟ್ಟು ಹೋಗುತ್ತಾರೆ. ಕತ್ತಿ ಬಾಗಿಲಿಗೆ ಬಂದಾಗ ಯಾರೂ ಪಾತ್ರೆ ತೊಳೆಯುತ್ತ ಕೂರುವುದಿಲ್ಲ. ಸೇನೆ ಬರುವ ಮೊದಲೇ ಅವಳು ಹೊರಟಿದ್ದಾಳೆ. ಮಕ್ಕಳು ಬಂದು ಕರೆದುಕೊಂಡು ಹೋದರೋ, ಒಬ್ಬಳೇ ನಡೆದಳೋ ತಿಳಿಯದು. ಹೋದಲ್ಲೆಲ್ಲ ಪಂಥದವರ ಮನೆಯಲ್ಲಿ ಊಟಕ್ಕೆ ಕೊರತೆಯಿಲ್ಲ ಎನ್ನುತ್ತಾರೆ. ಆ ಮನೆಗಳು ಇನ್ನೂ ಉಳಿದಿದ್ದರೆ. ಮಡಕೆಯನ್ನು ತರಲಿಲ್ಲ. ಅದರ ಕೆಳಗೆ ಎರಡು ಹಿಡಿ ಕಾಳು ಇಟ್ಟು ಮತ್ತೆ ಹಾಗೇ ಕವಿಚಿ ಬಂದೆ.

ಮನೆಗೆ ಬಂದು ಇದನ್ನು ಹೇಳಿದ ಮೇಲೆ, ಅಂದು ಹಿಪ್ಪುನೇರಳೆ ಮರದ ಹತ್ತಿರ ಅವಳು ಕಿವಿಯಲ್ಲಿ ಹೇಳಿದ್ದೇನೆಂದು ನಿನ್ನ ಅವ್ವ ಮೊದಲ ಸಲ ಬಾಯಿಬಿಟ್ಟಳು. ತನ್ನ ಹೆಸರು ಹೇಳಿದಳಂತೆ, ತವರಲ್ಲಿ ಕರೆಯುತ್ತಿದ್ದ ಹೆಸರು. ನಾವು ಅಷ್ಟು ವರ್ಷ ಒಂದೇ ಪೇಟೆಯಲ್ಲಿದ್ದು ಶ್ಯಾಂಗ್ ಮನೆಯವಳು, ಶ್ಯಾಂಗ್ ಅಕ್ಕ ಎಂದೇ ಕರೆದೆವು. ಹೆಸರೊಂದಿದೆಯೇ ಎಂದು ಕೇಳಲಿಲ್ಲ. "ಯಾರಾದ್ರೂ ಒಬ್ಬರಿಗೆ ಗೊತ್ತಿರ್ಲಿ" ಎಂದಳಂತೆ.

ಯುನ್‌ಶಿಯೂ. ಮಗುವಿಗೆ ಅದನ್ನೇ ಇಡಬೇಕೆಂದು ನಿನ್ನ ಅವ್ವನ ಅಪ್ಪಣೆ. ನಮ್ಮ ಪದ್ಧತಿಯಲ್ಲಿ ಮನೆಯ ಹಿರಿಯರ ಹೆಸರನ್ನು ಮಕ್ಕಳಿಗೆ ಇಡಬಾರದು, ನನಗೂ ಗೊತ್ತು. ಆದರೆ ಅವಳು ನಮ್ಮ ಮನೆಯವಳಲ್ಲವಲ್ಲ ಎಂದು ನಿನ್ನ ಅವ್ವ ಹೇಳುವಾಗ ನಾನು ಅವಳ ಮುಖ ನೋಡಲಿಲ್ಲ. ಕಚೇರಿಯ ಯಾವ ಪಟ್ಟಿಯಲ್ಲೂ ಆ ಹೆಸರಿಲ್ಲ. ಬೀದಿಯಲ್ಲಿ ನಿಂತು ಎಷ್ಟು ಗಟ್ಟಿಯಾಗಿ ಬೇಕಾದರೂ ಕರೆಯಬಹುದು.

ಕರೆದರೆ ಕೂಸು ತಿರುಗಿ ನೋಡುತ್ತದೆಯೇ ಎಂದು ನಿನ್ನ ಅವ್ವ ಈಗಲೇ ಕೇಳುತ್ತಿದ್ದಾಳೆ. ಇನ್ನೂ ಕತ್ತು ನಿಂತಿರುವುದಿಲ್ಲ ಎಂದರೆ ಕೇಳುವುದಿಲ್ಲ. ತಿರುಗಿದ ದಿನ ತಪ್ಪದೆ ಬರೆ ಮಗಳೇ, ತಡಮಾಡಬೇಡ. ಉಪ್ಪಿನ ದೋಣಿ ಕಂಡಾಗಲೆಲ್ಲ ಇವಳು ಗೋಡೆಯ ಮೇಲೆ ಹತ್ತಿ ನಿಲ್ಲುತ್ತಾಳೆ.